ಹೊಗೆ ಹಿಡಿದ ಸೂರು: ಸ್ಕಾಟ್ಲೆಂಡಿನ ಹೈಲ್ಯಾಂಡ್ ಫೋಕ್ ಮ್ಯೂಸಿಯಂ

ಒಳಗೆ ಕಾಲಿಟ್ಟ ಕೂಡಲೇ ಮಿಠಾಯಿ ಅಂಗಡಿಯತ್ತ ತಿರುಗಬೇಡಿ. ಪೈನ್ ಕಾಡು ದಾಟಿ ತುದಿಯಲ್ಲಿರುವ ‘ಬಾಲೆ ಗೆನ್’ ಎಂಬ ಹುಲ್ಲುಮನೆಗಳ ಕೇರಿಗೆ ಮೊದಲು ನಡೆಯಿರಿ. ಮಕ್ಕಳಿದ್ದರೆ ಇದು ಕಷ್ಟದ ಸಲಹೆ, ಗೊತ್ತು. ಆದರೆ ಬಹಳ ಮಂದಿ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನೋಡುತ್ತ ಬಂದು, ಈ ಕೇರಿ ಮುಟ್ಟುವ ಹೊತ್ತಿಗೆ ಕಾಲು ಸೋತು, ಬಾಗಿಲಲ್ಲೇ ಇಣುಕಿ ಹಿಂದಿರುಗುತ್ತಾರೆ. ಅಷ್ಟು ದೂರ ಬಂದದ್ದಕ್ಕೆ ನಿಜವಾದ ಪ್ರತಿಫಲ ಇರುವುದು ಅಲ್ಲೇ.

ಮ್ಯೂಸಿಯಂ ಇರುವುದು ಸ್ಕಾಟ್ಲೆಂಡಿನ ನಡುಭಾಗದ ಬೇಡನಾಖ್ ಸೀಮೆಯ ನ್ಯೂಟನ್‌ಮೋರ್ ಎಂಬ ಪುಟ್ಟ ಊರಿನಲ್ಲಿ. 80 ಎಕರೆ ಜಾಗ, ಉದ್ದ ಸುಮಾರು ಒಂದು ಮೈಲಿ, 30ಕ್ಕೂ ಹೆಚ್ಚು ಕಟ್ಟಡಗಳು. 1700ರ ಆಸುಪಾಸಿನ ಹಳ್ಳಿಯಿಂದ 1950ರ ದಶಕದ ಮನೆಯವರೆಗೆ ಹೈಲ್ಯಾಂಡ್, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ ಜನ ಹೇಗೆ ಬಾಳಿದರು ಎಂಬುದನ್ನು ಬಯಲಲ್ಲಿ ಹರಡಿ ಇಟ್ಟಿದ್ದಾರೆ. ಪ್ರವೇಶಕ್ಕೆ ಟಿಕೆಟ್ ಇಲ್ಲ, ಕಾಣಿಕೆ ಡಬ್ಬಿ ಇದೆ. ಬ್ರಿಟನ್ನಿನ ಕೋಟೆಯೊಂದಕ್ಕೆ ಕುಟುಂಬ ಸಮೇತ ಹೋದರೆ ಆಗುವ ಖರ್ಚು ನೆನೆದು ಡಬ್ಬಿಗೆ ಕೈ ಧಾರಾಳವಾಗಿ ಹೋಗಲಿ.

ಇಷ್ಟೆಲ್ಲಕ್ಕೂ ಬೀಜ ಹಾಕಿದವರು ಇಸಬೆಲ್ ಫ್ರಾನ್ಸಿಸ್ ಗ್ರಾಂಟ್. 1887ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ 1983ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡ ಇತಿಹಾಸಕಾರ್ತಿ. ಅವರ ಹಾದಿ ಶುರುವಾದದ್ದು ರಾಜರಿಂದಲ್ಲ, ಯುದ್ಧದಿಂದಲೂ ಅಲ್ಲ, ಒಂದು ಲೆಕ್ಕದ ಪುಸ್ತಕದಿಂದ. ಅವರ ಪೂರ್ವಿಕರೊಬ್ಬರು 1769ರಿಂದ 1782ರವರೆಗೆ ಜಮೀನಿನ ಜಮಾಖರ್ಚು ಬರೆದಿಟ್ಟಿದ್ದರು. ಅದನ್ನು ಸಾಲುಸಾಲಾಗಿ ಓದಿ, ಆ ಕಾಲದ ರೈತನ ದಿನಚರಿಯನ್ನು ಗ್ರಾಂಟ್ 1924ರಲ್ಲಿ ಪುಸ್ತಕವಾಗಿ ತಂದರು. ಕಾಗದದಲ್ಲಿ ಕಂಡ ನೇಗಿಲು, ಮಡಕೆ, ಮಗ್ಗಗಳು ಊರುಗಳಲ್ಲಿ ಇನ್ನೂ ಎಲ್ಲೋ ಮೂಲೆಯಲ್ಲಿ ಬಿದ್ದಿದ್ದವು. ಸೌದೆಯಾಗಿ, ಗುಜರಿಯಾಗಿ ದಿನೇದಿನೇ ಕರಗುತ್ತಿದ್ದವು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1891ರಿಂದಲೇ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ಇತ್ತು. ಅಂಥದ್ದು ನಮ್ಮಲ್ಲೂ ಬೇಕೆಂದು ಗ್ರಾಂಟ್ ಹಟ ಹಿಡಿದರು. 1930ರಲ್ಲಿ ಇನ್ವರ್‌ನೆಸ್‌ನಲ್ಲಿ 2,100 ವಸ್ತುಗಳ ಪ್ರದರ್ಶನವನ್ನೇ ಏರ್ಪಡಿಸಿದರು. ಜನ ಬಂದರು, ನೋಡಿದರು. ಕಾಯಂ ಮ್ಯೂಸಿಯಂ ಮಾತ್ರ ಆಗಲಿಲ್ಲ.

ಕೊನೆಗೆ 1935ರಲ್ಲಿ ತಮ್ಮ ಪಾಲಿಗೆ ಬಂದ ಹಣ ಹಾಕಿ, ಅಯೋನಾ ದ್ವೀಪದಲ್ಲಿ ಪೂಜೆ ನಿಂತುಹೋಗಿದ್ದ ಚರ್ಚೊಂದನ್ನು ಹಿಡಿದು ತಾವೇ ಮ್ಯೂಸಿಯಂ ತೆರೆದರು. ಹೈಲ್ಯಾಂಡಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ ಅದಕ್ಕಿಟ್ಟ ಹೆಸರು ‘ಅಮ್ ಫಾಸ್ಕಘ್’, ಅಂದರೆ ಆಸರೆ. ಮಳೆ ಬಂದಾಗ ಬಂಡೆಯ ಮರೆಗೆ ನಿಲ್ಲುತ್ತೇವಲ್ಲ, ಆ ಅರ್ಥದ ಆಸರೆ. ದ್ವೀಪ ಚಿಕ್ಕದಾಯಿತು, ಸಾಮಾನು ಹೆಚ್ಚಾಯಿತು. 1939ರಲ್ಲಿ ಗಂಟುಮೂಟೆ ಕಟ್ಟಿ ಲಗ್ಗನ್ ಎಂಬ ಊರಿನ ಇನ್ನೊಂದು ಪಾಳು ಚರ್ಚಿಗೆ. 1943ರಲ್ಲಿ ನ್ಯೂಟನ್‌ಮೋರ್ ಪಕ್ಕದ ಊರಾದ ಕಿಂಗ್ಯೂಸಿಯಲ್ಲಿ ಪಿಟ್‌ಮೇನ್ ಲಾಡ್ಜ್ ಎಂಬ ಮನೆಯನ್ನು ಮೂರು ಎಕರೆ ಜಾಗದೊಂದಿಗೆ ಕೊಂಡು, 1944ರ ಜೂನ್ 1ರಂದು ಬಾಗಿಲು ತೆರೆದರು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ದಡದಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಇಳಿಯುವುದಕ್ಕೆ ಇನ್ನು ಐದೇ ದಿನ ಇದ್ದಾಗ ಒಬ್ಬ ಮಹಿಳೆ ಹಳೆ ಬೆಣ್ಣೆ ಕಡೆಯುವ ಮಂತನ್ನು ಜೋಡಿಸಿಟ್ಟು ಜನರನ್ನು ಕರೆಯುತ್ತಿದ್ದರು ಎಂಬುದು ಅವರ ಸ್ವಭಾವವನ್ನು ಹೇಳುತ್ತದೆ. 1954ರಲ್ಲಿ ನಿವೃತ್ತರಾದಾಗ ಮ್ಯೂಸಿಯಂ ಸ್ಕಾಟ್ಲೆಂಡಿನ ನಾಲ್ಕು ವಿಶ್ವವಿದ್ಯಾಲಯಗಳ ಟ್ರಸ್ಟಿಗೆ ಹೋಯಿತು. 1975ರಲ್ಲಿ ಸ್ಥಳೀಯ ಆಡಳಿತಕ್ಕೆ. ಬರಹ ಆಮೇಲೂ ನಿಲ್ಲಲಿಲ್ಲ. ಹೈಲ್ಯಾಂಡಿನ ಮನೆ, ಮಠ, ಮೇವು, ಮಗ್ಗಗಳ ಬಗ್ಗೆ ಇಂದಿಗೂ ಜನ ತೆರೆದು ನೋಡುವ ಅವರ ದೊಡ್ಡ ಪುಸ್ತಕ ಬಂದದ್ದು 1961ರಲ್ಲಿ, ಎಪ್ಪತ್ತು ದಾಟಿದ ಮೇಲೆ.

ನ್ಯೂಟನ್‌ಮೋರ್‌ನ ಈಗಿನ ಜಾಗಕ್ಕೆ ವಿಸ್ತರಿಸಿದ್ದು ಅವರ ನಂತರ. ಕಿಂಗ್ಯೂಸಿಯ ಮೂಲ ಮ್ಯೂಸಿಯಂ 2007ರಲ್ಲಿ ಮುಚ್ಚಿತು. ಹಳೆಯ ಮಾರ್ಗದರ್ಶಿ ಪುಸ್ತಕ ಹಿಡಿದು ಅಲ್ಲಿ ಇಳಿದು ಹುಡುಕುವವರು ಇದನ್ನು ಗಮನಿಸಿ.

ಈಗ ಬಾಲೆ ಗೆನ್ ಕೇರಿಗೆ ಬರೋಣ. ಕಿಂಗ್ಯೂಸಿ ಹತ್ತಿರದ ಈಸ್ಟರ್ ರೇಟ್ಸ್ ಎಂಬ ಹಾಳೂರನ್ನು 1990ರ ದಶಕದಲ್ಲಿ ಅಗೆದು, ಅಲ್ಲಿ ಸಿಕ್ಕ ತಳಪಾಯದ ಆಧಾರದ ಮೇಲೆ ಈ ಮನೆಗಳನ್ನು ಕಟ್ಟಿದ್ದಾರೆ. ಅಂದರೆ ಇವು ಅಸಲಿ ಮನೆಗಳಲ್ಲ, ಹೊಸದಾಗಿ ಕಟ್ಟಿದವು. ಇದನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ಆದರೆ ಬೇರೆ ದಾರಿಯೇ ಇರಲಿಲ್ಲ. ಮರದ ಕಟ್ಟಡವಾದರೆ ತೊಲೆಗೊಂದು ನಂಬರ್ ಹಾಕಿ, ಫೋಟೋ ತೆಗೆದು, ಬಿಚ್ಚಿ ಲಾರಿಗೆ ಏರಿಸಬಹುದು. ತಗಡಿನದಾದರೆ ಇನ್ನೂ ಸುಲಭ. ಮಣ್ಣಿನ ಮನೆಯನ್ನು ಬಿಚ್ಚಿದರೆ ಉಳಿಯುವುದು ಮಣ್ಣಿನ ಗುಡ್ಡೆ ಮಾತ್ರ.

ಗೋಡೆಯಿಂದ ಶುರುಮಾಡಿ ನೋಡಿ. ಬುಡದಲ್ಲಿ ಒಂದೆರಡು ವರಸೆ ಕಲ್ಲು; ನೆಲದ ಶೀತ ಮೇಲೇರದಿರಲೆಂದು. ಅದರ ಮೇಲೆ ಹುಲ್ಲು, ಬೇರು ಸಮೇತ ಕಡಿದು ತಂದ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿರುತ್ತಾರೆ. ಗೋಡೆಗೆ ಹಾಕುವ ದಪ್ಪ ಹೆಂಟೆಗೆ ಫೇಲ್ ಎನ್ನುತ್ತಾರೆ, ಸೂರಿಗೆ ಹಾಸುವ ತೆಳುವಾದದ್ದಕ್ಕೆ ಡಿವಟ್. ಎರಡೂ ಮಣ್ಣೇ ಆದರೂ ಕಡಿಯುವ ಸಲಿಕೆ ಬೇರೆ, ಕಡಿಯುವ ಕೈ ಬೇರೆ. ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಗೋಡೆ ಗಟ್ಟಿಯಾಗುತ್ತದೆ. ಆದರೆ ಒಣಗುತ್ತ ಕುಗ್ಗಿ, ನೆನೆಯುತ್ತ ಉಬ್ಬಿ, ಕೆಲವೇ ವರ್ಷಗಳಲ್ಲಿ ಹೊಟ್ಟೆ ಬಿಡುತ್ತದೆ. ನೀವು ಹೋದಾಗ ಒಂದು ಗೋಡೆ ಹೊರಕ್ಕೆ ವಾಲಿದ್ದರೆ ಅದು ನಿರ್ಲಕ್ಷ್ಯವಲ್ಲ, ಆ ಗೋಡೆಯ ಆಯುಸ್ಸೇ ಅಷ್ಟು. ಇನ್ನೊಂದು ಬೆಲೆಯೂ ಇತ್ತು: ಒಂದು ಮನೆ ಏಳಬೇಕಾದರೆ ಅಷ್ಟಗಲ ಹುಲ್ಲುಗಾವಲು ಬೋಳಾಗಬೇಕು. ಭೂಮಾಲೀಕರಿಗೂ ರೈತರಿಗೂ ಇದೇ ವಿಷಯಕ್ಕೆ ತಕರಾರು ಹತ್ತಿಕೊಳ್ಳುತ್ತಿತ್ತು.

ಇಂಥ ಮೆತ್ತನೆ ಗೋಡೆ ಸೂರಿನ ಭಾರ ಹೊರಲಾರದು. ಒಳಗೆ ನಿಂತು ತಲೆ ಎತ್ತಿದರೆ ಅದಕ್ಕೆ ಕಂಡುಕೊಂಡ ಉಪಾಯ ಕಾಣುತ್ತದೆ. ಸಹಜವಾಗಿ ಬಾಗಿ ಬೆಳೆದ ಮರಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿ, ನೆತ್ತಿಯಲ್ಲಿ ಮರದ ಗೂಟ ಬಡಿದು ಕೂಡಿಸಿದ್ದಾರೆ. ಕ್ರಕ್ ಎನ್ನುವ ಈ ಬಾಗುತೊಲೆಗಳು ಸೂರಿನ ಭಾರವನ್ನು ನೇರವಾಗಿ ನೆಲಕ್ಕೆ ಇಳಿಸುತ್ತವೆ. ಗೋಡೆಯ ಕೆಲಸ ಬರೀ ಗಾಳಿ ತಡೆಯುವುದು. ಮನೆ ಎಂದರೆ ಇಲ್ಲಿ ಸೂರೇ, ಗೋಡೆಯಲ್ಲ. ಮರ ಎಷ್ಟು ಅಪರೂಪವಾಗಿತ್ತೆಂದರೆ ಗೇಣಿದಾರ ಊರು ಬಿಟ್ಟರೆ ತೊಲೆಗಳನ್ನು ಬಿಚ್ಚಿಕೊಂಡು ಹೋಗುತ್ತಿದ್ದ. ಕುರಿ ಸಾಕಣೆಗಾಗಿ ರೈತರನ್ನು ಒಕ್ಕಲೆಬ್ಬಿಸಿದ ಕಾಲದಲ್ಲಿ, 1814ರಲ್ಲಿ ಉತ್ತರದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ನಡೆದಂತೆ, ಭೂಮಾಲೀಕರ ಆಳುಗಳು ಬೆಂಕಿ ಇಟ್ಟದ್ದು ಈ ಸೂರಿನ ಮರಕ್ಕೆ. ತೊಲೆ ಸುಟ್ಟರೆ ಮನೆಯವರು ಮರಳಿ ಬಂದು ಕಟ್ಟಿಕೊಳ್ಳುವ ಮಾತೇ ಇಲ್ಲ. ಆ ಬಾಗುತೊಲೆಯ ಕೆಳಗೆ ನಿಂತು ಇದನ್ನು ನೆನೆದಾಗಲೇ ಆ ಕ್ರೌರ್ಯದ ಲೆಕ್ಕಾಚಾರ ಅರ್ಥವಾಗುವುದು.

ತೊಲೆಗಳ ಮೇಲೆ ಸಣ್ಣ ಕೋಲುಗಳ ಹಾಸು, ಅದರ ಮೇಲೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವ ಡಿವಟ್, ಎಲ್ಲಕ್ಕೂ ಮೇಲೆ ಹೊದಿಕೆ. ಹೊದಿಕೆಗೆ ಹೆದರ್ ಪೊದೆ, ಜೊಂಡು, ಜರಿಗಿಡ, ಹುಲ್ಲು, ಯಾವುದು ಹತ್ತಿರ ಸಿಕ್ಕಿತೋ ಅದು. ಇವುಗಳಲ್ಲಿ ಹೆದರ್ ದಶಕಗಟ್ಟಲೆ ಬಾಳುತ್ತದೆ, ಹುಲ್ಲು ಬೇಗ ಕೊಳೆಯುತ್ತದೆ. ನಮ್ಮ ಮಲೆನಾಡಿನ ಸೋಗೆ ಮನೆ ಕಂಡವರಿಗೆ ಇದೆಲ್ಲ ಹೊಸತೇನಲ್ಲ. ಮಳೆಗಾಲಕ್ಕೆ ಮುಂಚೆ ಹೊದಿಸದಿದ್ದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊದಿಕೆಯನ್ನು ಕಾಯುವುದು ಹೊಗೆ. ಮನೆ ನಡುವೆ ನೆಲದ ಮೇಲೇ ಬೆಂಕಿ, ಹೊಗೆಗೊಳವೆ ಇಲ್ಲ. ಉರಿಯುವುದು ಪೀಟ್, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಕಪ್ಪು ಹೆಂಟೆ. ಜ್ವಾಲೆ ಕಡಿಮೆ, ಹೊಗೆ ಹೆಚ್ಚು, ಕೆಂಡ ಗಂಟೆಗಟ್ಟಲೆ ಆರದು. ಹೊಗೆ ಮೇಲೇರಿ ಹೊದಿಕೆಯ ಸಂದಿಯಲ್ಲಿ ನಿಧಾನ ಹೊರಹೋಗುತ್ತ ತೊಲೆಗಳಿಗೆ ಕರಿ ಬಳಿಯುತ್ತದೆ, ಹುಳ ಓಡಿಸುತ್ತದೆ, ಒಳಗಿನ ತೇವ ಒಣಗಿಸುತ್ತದೆ. ಬೆಂಕಿ ನಿಂತರೆ ಕೆಲವೇ ವಾರಗಳಲ್ಲಿ ಬೂಷ್ಟು ಹತ್ತಿ, ಸೂರು ಒಳಗಿನಿಂದ ಕೊಳೆಯತೊಡಗುತ್ತದೆ. ಆದ್ದರಿಂದ ಇಲ್ಲಿ ಹಾಕುವ ಬೆಂಕಿ ಪ್ರವಾಸಿಗರಿಗೆ ತೋರಿಕೆ ಮಾತ್ರವಲ್ಲ, ಕಟ್ಟಡದ ಔಷಧವೂ ಹೌದು. ಕರಿ ಕುಡಿದ ಹಳೆ ಹೊದಿಕೆಯನ್ನು ಕಿತ್ತು ಹೊಲಕ್ಕೆ ಗೊಬ್ಬರ ಹಾಕುತ್ತಿದ್ದರು. ಸೂರು ಕೂಡ ಬೆಳೆಯಾಗುತ್ತಿತ್ತು. ಮೇಲೆ ನೋಡುವಾಗ ಇಲ್ಲಣ ಕಣ್ಣಿಗೆ ಬಿದ್ದೀತು, ಜೋಕೆ.

ಒಳಗೆ ಹೋದ ಕೂಡಲೇ ಏನೂ ಕಾಣದು. ಬಾಗಿಲು ಗಿಡ್ಡ, ತಲೆ ಬಗ್ಗಿಸಿ. ಎರಡು ನಿಮಿಷ ಸುಮ್ಮನೆ ನಿಲ್ಲಿ, ಆಮೇಲೆ ಕುಳಿತುಕೊಳ್ಳಿ. ನಿಂತರೆ ಕಣ್ಣುರಿ, ಕುಳಿತರೆ ಸಲೀಸು, ಏಕೆಂದರೆ ಹೊಗೆಯ ಪದರ ತಲೆಯ ಮಟ್ಟದಿಂದ ಮೇಲೆ ತೂಗುತ್ತಿರುತ್ತದೆ. ಹೈಲ್ಯಾಂಡಿನ ಹಳೆ ಕುರ್ಚಿ, ಮಣೆಗಳು ಮಕ್ಕಳ ಸಾಮಾನಿನಷ್ಟು ತಗ್ಗಾಗಿರುವುದರ ಗುಟ್ಟು ಇದೇ. ಸದರ್ಲೆಂಡ್ ಕುರ್ಚಿ ಎಂಬ ಬಗೆಯನ್ನು ನೋಡಿ: ಮೊಣಕೈಯಂತೆ ತಾನಾಗಿ ಬಾಗಿದ ಕೊಂಬೆಯನ್ನು ಹುಡುಕಿ, ಸೀಳಿ, ಎರಡು ಬದಿಗಿಟ್ಟು ಮಾಡಿದ್ದು. ಕಾಲು, ಬೆನ್ನು ಎರಡೂ ಒಂದೇ ಮರ, ಕೀಲು ಬಿಡುವ ಭಯವಿಲ್ಲ. ಅಡುಗೆಮನೆಯ ಒಲೆ ಮುಂದೆ ಮಣೆ ಹಾಕಿ ಕುಳಿತವರಿಗೆ ಈ ತಗ್ಗಿನ ವಿಜ್ಞಾನ ತಟ್ಟನೆ ಹೊಳೆಯುತ್ತದೆ.

ಮನೆಯ ಒಂದು ತುದಿ ಕೊಟ್ಟಿಗೆ. ಜನ, ದನ ಒಂದೇ ಸೂರಿನಡಿ. ಗಂಜಲ ಮನುಷ್ಯರ ಕಡೆಗೆ ಹರಿಯದಂತೆ ಕೊಟ್ಟಿಗೆ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತಿತ್ತು. ಚಳಿಗಾಲದಲ್ಲಿ ದನಗಳ ಮೈಬಿಸಿಯೇ ಮನೆಗೆ ಎರಡನೇ ಒಲೆ. ಇಲ್ಲಿ ಒಂದು ಆಕ್ಷೇಪ: ಈ ಕೇರಿ ತೀರ ಚೊಕ್ಕಟ. ಸೆಗಣಿ ಇಲ್ಲ, ಕೆಮ್ಮುವ ಮಕ್ಕಳಿಲ್ಲ, ಒಂದೇ ಕೋಣೆಯಲ್ಲಿ ಎಂಟು ಮಂದಿಯ ಉಸಿರಿಲ್ಲ. ಗೋಡೆಯಾಗಿಯೂ ಹಾಸಿಗೆಯಾಗಿಯೂ ದುಡಿಯುತ್ತಿದ್ದ ಬಾಗಿಲುಳ್ಳ ಪೆಟ್ಟಿಗೆ ಮಂಚ ನೋಡಿ ‘ಎಷ್ಟು ಚೆಂದ’ ಎನ್ನುವ ಮುಂಚೆ ಅದರೊಳಗೆ ಎಷ್ಟು ಜನ ಮಲಗುತ್ತಿದ್ದಿರಬೇಕೆಂದು ಎಣಿಸಿ.

ಉಪಕರಣಗಳಲ್ಲಿ ಮೂರನ್ನು ತಪ್ಪಿಸಬೇಡಿ. ಮೊದಲನೆಯದು ಕ್ರೂಸಿ ದೀಪ. ಎಲೆಯಾಕಾರದ ಎರಡು ಕಬ್ಬಿಣದ ಬಟ್ಟಲು, ಒಂದರ ಕೆಳಗೊಂದು. ಮೇಲಿನದರಲ್ಲಿ ಮೀನಿನ ಎಣ್ಣೆ, ಜೊಂಡಿನ ಸಿಪ್ಪೆ ಸುಲಿದು ತೆಗೆದ ತಿರುಳಿನ ಬತ್ತಿ. ಮೇಲಿನ ಬಟ್ಟಲನ್ನು ಹಲ್ಲುಹಲ್ಲಾದ ಪಟ್ಟಿಗೆ ತೂಗುಹಾಕಿರುತ್ತಾರೆ. ಎಣ್ಣೆ ಇಳಿದಂತೆ ಒಂದು ಹಲ್ಲು ಸರಿಸಿದರೆ ಬಟ್ಟಲು ಮುಂದಕ್ಕೆ ಬಾಗಿ ಉಳಿದ ಎಣ್ಣೆ ಬತ್ತಿಗೆ ಬರುತ್ತದೆ. ತೊಟ್ಟಿಕ್ಕಿದ್ದು ಕೆಳಬಟ್ಟಲಿಗೆ ಬಿದ್ದು ಮತ್ತೆ ಮೇಲಕ್ಕೆ. ಒಂದು ಹನಿ ನಷ್ಟವಿಲ್ಲ. ಕರಾವಳಿಯಲ್ಲಿ ಹೊನ್ನೆ ಎಣ್ಣೆ ಹಣತೆ ಉರಿಸಿದವರಿಗೆ ವಾಸನೆಯ ಅಂದಾಜು ಸಿಕ್ಕೀತು, ಮೀನಿನದು ಅದಕ್ಕಿಂತ ಒಂದು ಕೈ ಮೇಲು. ಎರಡನೆಯದು ‘ಕಾಸ್ ಕ್ರೋಮ್’ ಎಂಬ ಕಾಲುನೇಗಿಲು. ಹೆಸರಿನ ಅರ್ಥವೇ ಸೊಟ್ಟಗಾಲು. ಕುದುರೆ ತಿರುಗಲಾರದ ಕಲ್ಲುಮಡಿಗಳಲ್ಲಿ ಗೂಟದ ಮೇಲೆ ಪಾದ ಊರಿ ಒತ್ತಿ, ಹೆಂಟೆ ಮಗುಚಿ, ಒಂದು ಹೆಜ್ಜೆ ಹಿಂದಕ್ಕೆ ಸರಿಯುವುದು. ಇಡೀ ಹೊಲವನ್ನು ಹಿಮ್ಮುಖವಾಗಿ ನಡೆದೇ ಉಳಬೇಕು. ಮೂರನೆಯದು ಬೀಸುಕಲ್ಲು. ನಮ್ಮದಕ್ಕೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ರಾಗಿಯ ಬದಲು ಓಟ್ಸ್, ಬಾರ್ಲಿ. ಅದರ ಹಿಂದಿನ ರಾಜಕೀಯ ಮಾತ್ರ ಬೇರೆ: ರೈತರು ಜಮೀನ್ದಾರನ ಗಿರಣಿಯಲ್ಲೇ ಕಾಳು ಬೀಸಿಸಿ ಪಾಲು ಕೊಡಬೇಕೆಂಬ ಕಟ್ಟಳೆ ಇತ್ತು, ಅದಕ್ಕಾಗಿ ಮನೆಯ ಬೀಸುಕಲ್ಲುಗಳನ್ನು ಒಡೆಸುತ್ತಿದ್ದರು.

ಕೇರಿಯಲ್ಲಿ ಕಾಣುವ ಸಾಮಾನು ಬಹುಪಾಲು ಬಳಕೆಗೆಂದು ಹೊಸದಾಗಿ ಮಾಡಿದ್ದು. ಹೊಗೆ, ಶೀತ, ಪ್ರವಾಸಿಗರ ಕೈ, ಈ ಮೂರೂ ಹಳೆಯ ಮರಕ್ಕೆ ವೈರಿಗಳು. ಗ್ರಾಂಟ್ ಕೂಡಿಟ್ಟ ಅಸಲಿ ವಸ್ತುಗಳಿಗೆ ಪ್ರತ್ಯೇಕ ಸಂಗ್ರಹ ಕಟ್ಟಡವಿದ್ದು, ಅದಕ್ಕೆ ‘ಅಮ್ ಫಾಸ್ಕಘ್’ ಎಂದೇ ಹೆಸರಿಟ್ಟಿದ್ದಾರೆ. ಕುರ್ಚಿ, ಮಗ್ಗ, ನೂಲು ಇಂಥ ಒಂದು ವಿಷಯ ಹಿಡಿದು ನೋಡುವವರು ಮೊದಲೇ ಬರೆದು ಕೇಳಿ, ಗೊತ್ತುಮಾಡಿಕೊಂಡು ಹೋಗುವುದು ಸರಿ. ನೇರ ಹೋಗಿ ಬಾಗಿಲು ತಟ್ಟಿದರೆ ನಿರಾಶೆಯಾದೀತು.

ಉಳಿದ ಭಾಗವನ್ನು ನಿಧಾನವಾಗಿ ಸುತ್ತಬಹುದು. ತಗಡಿನ ಲೀನಾಕ್ ಚರ್ಚ್ ಕಲ್ಲೋಡನ್ ಕಡೆಯಿಂದ ಬಿಚ್ಚಿ ತಂದದ್ದು. ನಾಕ್‌ಬೇನ್ ಶಾಲೆಯಲ್ಲಿ ಹಲಗೆ ಬಳಪದ ಪಾಠ. ದರ್ಜಿ ಅಂಗಡಿ, ಗಡಿಯಾರ ರಿಪೇರಿಯವನ ಕೋಣೆ, ಬಡಗಿ ಕೊಟ್ಟಿಗೆಗಳಲ್ಲಿ ಸಲಕರಣೆಗಳ ಹಿಡಿ ಸವೆದಿರುವುದನ್ನು ನೋಡಿ, ಫಲಕ ಓದುವುದಕ್ಕಿಂತ ಅದು ಹೆಚ್ಚು ಹೇಳುತ್ತದೆ. ಆಲ್ಟ್‌ಲಾರಿ ಹೊಲಮನೆಯಲ್ಲಿ ಕೋಳಿ, ದನಗಳಿವೆ. ಮಕ್ಕಳು ಅಲ್ಲಿಂದ ಏಳುವುದಿಲ್ಲ. ಮಿಠಾಯಿ ಅಂಗಡಿಯನ್ನು ಇಲ್ಲಿಗೆ ಉಳಿಸಿಕೊಳ್ಳಿ.

ರಾಮನಗರದ ಜಾನಪದ ಲೋಕ ನೋಡಿದವರ ಮನಸ್ಸು ತಾನಾಗಿಯೇ ತಾಳೆ ಹಾಕುತ್ತದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ್ದಕ್ಕೂ ಗ್ರಾಂಟ್ 1935ರಲ್ಲಿ ಕಟ್ಟಿದ್ದಕ್ಕೂ ಹಿಂದಿನ ಕಳವಳ ಒಂದೇ. ಹಳ್ಳಿ ಮನೆಯ ಅಟ್ಟ ಖಾಲಿಯಾಗುವ ಮುಂಚೆ ಹೋಗಿ ಕೇಳಬೇಕೆಂಬ ಧಾವಂತ. ನಮ್ಮಲ್ಲಿ ಹಾಡು, ಕುಣಿತ, ಬೊಂಬೆಗಳ ಬಲ ಜಾಸ್ತಿ. ಅವರಲ್ಲಿ ಬೆಂಕಿ ಹಾಕಿದ ಮನೆಯೊಳಗೆ ಕೂರುವ ಅನುಭವ. ಸೋಗೆ ಹೊದಿಸಿ, ದಿನಾ ಒಲೆ ಉರಿಸಿ, ವರ್ಷವರ್ಷ ಮಾಡು ಬಿಚ್ಚಿ ಕಟ್ಟುವ ಒಂದು ಮಲೆನಾಡ ಮನೆಯನ್ನು ಯಾರಾದರೂ ಇಲ್ಲೂ ಹಾಗೆ ನಡೆಸಿದರೆ ಖರ್ಚು ಬರುವುದು ಕಟ್ಟುವುದಕ್ಕಲ್ಲ, ಕಾಯುವ ಕೈಗಳಿಗೆ.

ಹೋಗುವವರಿಗೆ ಕೆಲವು ಮಾತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ, ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹೊರಡುವ ಮುನ್ನ ನೋಡಿಕೊಳ್ಳಿ. ಇನ್ವರ್‌ನೆಸ್‌ನಿಂದ ಎ9 ಹೆದ್ದಾರಿಯಲ್ಲಿ ಕಾರಿನಲ್ಲಿ ಸುಮಾರು ಒಂದು ಗಂಟೆ. ರೈಲಾದರೆ ನ್ಯೂಟನ್‌ಮೋರ್‌ನಲ್ಲಿ ಎಲ್ಲ ಗಾಡಿಗಳೂ ನಿಲ್ಲುವುದಿಲ್ಲ. ಮೂರು ಮೈಲಿ ಆಚೆಯ ಕಿಂಗ್ಯೂಸಿಯಲ್ಲಿ ಹೆಚ್ಚು ಗಾಡಿಗಳು ಸಿಗುತ್ತವೆ, ಅಲ್ಲಿಂದ ಬಸ್ಸು ಇಲ್ಲವೇ ಟ್ಯಾಕ್ಸಿ. ನಾಲ್ಕು ಗಂಟೆಯಾದರೂ ಇಟ್ಟುಕೊಳ್ಳಿ. ಎರಡೇ ಗಂಟೆ ಇದ್ದರೆ ಬಾಲೆ ಗೆನ್ ಒಂದನ್ನೇ ನೋಡಿ.

ಸಾಮಾನ್ಯವಾಗಿ ಸಿಬ್ಬಂದಿ ಇರುವ ಮನೆಯಲ್ಲೇ ಬೆಂಕಿ ಇರುತ್ತದೆ. ಯಾವ ಸೂರಿನಿಂದ ಹೊಗೆ ಏಳುತ್ತಿದೆಯೋ ಅಲ್ಲಿಗೆ ಮೊದಲು ಹೋಗಿ. ಹಳೆಯ ಉಡುಪಿನಲ್ಲಿ ಕುಳಿತಿರುವವರನ್ನು ‘ಇದು ಎಷ್ಟು ಹಳೆಯದು’ ಎಂದು ಕೇಳಿದರೆ ಒಂದು ಇಸವಿ ಹೇಳಿ ಸುಮ್ಮನಾಗುತ್ತಾರೆ. ‘ಈ ಸೂರನ್ನು ಕಳೆದ ಸಲ ಹೊದಿಸಿದ್ದು ಯಾವಾಗ, ಯಾವ ಕಡೆ ಮೊದಲು ಸೋರಿತು’ ಎಂದು ಕೇಳಿ ನೋಡಿ, ಅರ್ಧ ಗಂಟೆ ಬಿಡುವುದಿಲ್ಲ. ಫೋಟೋಗೆ ಫ್ಲ್ಯಾಶ್ ಬೇಡ, ಹೊಗೆಯ ಕಣಗಳೇ ಬೆಳ್ಳಗೆ ಬೀಳುತ್ತವೆ. ಫೋನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು ನೈಟ್ ಮೋಡ್‌ನಲ್ಲಿ ತೆಗೆಯಿರಿ.

ದಾರಿ ಏರಿಳಿತದ್ದು, ಕೇರಿಯೊಳಗೆ ಮಣ್ಣು ನೆಲ. ಮಂಡಿ ನೋವಿನವರು, ಗಾಲಿಕುರ್ಚಿಯವರು ಸ್ವಾಗತ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಜುಲೈನಲ್ಲೂ ಮಳೆ ಕೋಟು ಬೇಕು. ಕೊಡೆ ಗಾಳಿಗೆ ಉಲ್ಟಾ ಆಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಯಿಲ್ಲದ ಹೊತ್ತಿನಲ್ಲಿ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಮುತ್ತಿಕೊಳ್ಳುತ್ತದೆ. ಆಗ ಹೊಗೆಮನೆಯೇ ಗತಿ, ಅದು ಹೊಗೆ ಕಂಡರೆ ಹತ್ತಿರ ಸುಳಿಯದು. ಕೆಫೆ ಇದೆ, ಸಸ್ಯಾಹಾರಿಗಳು ಸೂಪಿನ ಸಾರು ಯಾವುದರದ್ದೆಂದು ಕೇಳಿಯೇ ತೆಗೆದುಕೊಳ್ಳಿ. ಬುತ್ತಿ ಕಟ್ಟಿಕೊಂಡು ಹೋದರೆ ಕಾಡಿನಂಚಿನಲ್ಲಿ ಕೂತು ತಿನ್ನಲು ಜಾಗಕ್ಕೇನೂ ಬರವಿಲ್ಲ.

ಪೀಟ್ ಹೊಗೆ ಉಣ್ಣೆ ಬಟ್ಟೆಗೆ ಹಿಡಿದರೆ ಒಂದು ಒಗೆತಕ್ಕೆ ಹೋಗುವುದಿಲ್ಲ. ಆ ದಿನ ತೊಟ್ಟ ಸ್ವೆಟರನ್ನು ಬೇರೆಯದೇ ಚೀಲಕ್ಕೆ ಹಾಕಿ ಕಟ್ಟಿ. ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆ ಇದ್ದರಂತೂ ಅದರ ಪಕ್ಕದಲ್ಲಿ ಇಡಲೇಬೇಡಿ.